ಬ್ರೇಕ್ ಒತ್ತಿ ನೋಡು

ಬ್ರೇಕ್ ಒತ್ತಿದರೆ ಮುದುಕಿ ಬಲಕ್ಕೆ ತಿರುಗುತ್ತೇನೆ ಎನ್ನುತ್ತಿದ್ದಳು. ಬಲಕ್ಕೆ ಸಿಗ್ನಲ್ ಹಾಕಿದರೆ ಹಿಂದಿನ ದೀಪಗಳೆರಡೂ ಸಾಯಲು ಬಿದ್ದವರ ಕಣ್ಣಿನ ಹಾಗೆ ಮಿಣಮಿಣ ಎಂದು ಸುಮ್ಮನಾಗುತ್ತಿದ್ದವು. ಮುದುಕಿ ಎಂದರೆ ಲಾರಿ, ವಯಸ್ಸು ಇಪ್ಪತ್ತೆಂಟು. ಅದರಲ್ಲಿ ಹತ್ತೊಂಬತ್ತು ವರ್ಷ ಅವಳನ್ನು ಓಡಿಸಿದವನನ್ನು ಬೀದಿಯೆಲ್ಲ ಡ್ರೈವರಣ್ಣ ಎನ್ನುತ್ತಿತ್ತು. ಅವನ ಸ್ವಂತ ಹೆಸರು ಲೈಸೆನ್ಸಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ.

ಬೆಳಿಗ್ಗೆ ಓನರ್ ಕರೆದು ಹೇಳಿದ್ದ: "ಇವತ್ತು ನಾಲ್ಕು ಗಂಟೆಗೆ ತಪಾಸಣೆ. ಲಾರಿ ಪಾಸಾಗ್ಲೇಬೇಕು."

"ಆಗ್ದಿದ್ರೆ?" ಎಂದು ಡ್ರೈವರಣ್ಣ ಕೇಳಿದ.

ಓನರ್ ಕಿಟಕಿಯಾಚೆ ನೋಡಿದ. ಕಿಟಕಿಯಾಚೆ ಇದ್ದದ್ದು ಗುಜರಿ ಅಂಗಡಿ. ಮುದುಕಿ ಗುಜರಿಗೆ ಹೋದರೆ ಐವತ್ತೇಳು ವರ್ಷದ, ಮಂಡಿ ಹಿಡಿದುಕೊಂಡ ಡ್ರೈವರನಿಗೆ ಇನ್ನೊಂದು ಸ್ಟೀರಿಂಗ್ ಯಾರು ಕೊಡುತ್ತಾರೆ? ಮನೆಗೆ ಫೋನ್ ಮಾಡಿ ಹೆಂಡತಿಗೆ ವಿಷಯ ಹೇಳಿದ.

ಲಾರಿಯನ್ನು ಟೈರ್ ಅಂಗಡಿಯ ಮುಂದೆ ನಿಲ್ಲಿಸಿದ್ದೇ ತಡ, ಒಳಗಿನಿಂದ ಟೈರಣ್ಣ ಕೈ ಒರೆಸಿಕೊಳ್ಳುತ್ತ ಓಡಿಬಂದ. ಬೇರೆ ದಿನಗಳಲ್ಲಿ ಈತ ಪಂಪ್ ಕೇಳಿದರೂ ಮುಖ ತಿರುಗಿಸುವ ಆಸಾಮಿ. "ಬಲ್ಬು, ಬಲ್ಬು! ಕಣ್ಣು ಮುಚ್ಚಿ ಹೇಳ್ತೀನಿ, ಬಲ್ಬು ಹೋಗಿದೆ," ಎಂದ. ಬಲ್ಬು ಬದಲಾಯಿತು. "ಹತ್ತಿ ಕೂತ್ಕೋ, ಬ್ರೇಕ್ ಒತ್ತು!" ಒತ್ತಿದ. "ಹತ್ತಲಿಲ್ಲ! ಬಲಗಡೆ ಮಾತ್ರ ಮಿಟುಕಿಸ್ತಿದೆ!" ಫ್ಯೂಸ್ ಬದಲಾಯಿತು. "ಒತ್ತು!" ಒತ್ತಿದ. "ಇಲ್ಲ!" ಸಿಗ್ನಲ್ಲಿನ ಫ್ಲ್ಯಾಷರ್ ಬದಲಾಯಿತು. ಈಗ ಲಾರಿ ಒಂದರ ಬದಲು ಎರಡೂ ಕಡೆ ಮಿಟುಕಿಸಿತು. ಬ್ರೇಕಿನ ಕೆಂಪು ಮಾತ್ರ ಕಾಣಲಿಲ್ಲ.

ಅಷ್ಟರಲ್ಲಿ ಮಹಡಿ ಮೇಲಿನ ನಿವೃತ್ತ ವಿಜ್ಞಾನ ಮೇಷ್ಟ್ರು ಕನ್ನಡಕ ಏರಿಸಿಕೊಂಡು ಇಳಿದು ಬಂದರು. ಮೂವತ್ತು ವರ್ಷ ಮಕ್ಕಳಿಗೆ ವಿದ್ಯುತ್ತಿನ ಪಾಠ ಮಾಡಿದವರು. ಮನೆಯ ಸ್ವಿಚ್ ಕೆಟ್ಟರೆ ಪಕ್ಕದ ಮನೆಯವರನ್ನು ಕರೆಯುತ್ತಿದ್ದರು.

"ಏನಯ್ಯಾ ಇದು, ಸರ್ಕ್ಯೂಟ್ ಅಂದ್ರೇನು ಗೊತ್ತಾ ನಿನಗೆ?"

"ಗೊತ್ತಿಲ್ಲ ಮೇಷ್ಟ್ರೇ. ನಾಲ್ಕು ಗಂಟೆ ಅಂದ್ರೆ ಗೊತ್ತು."

ಮೇಷ್ಟ್ರು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದರು. ವೈರಿನ ಬಣ್ಣ ನೋಡಿ ಜೋಡಿಸಬೇಕು, ಒಂದೇ ಬಣ್ಣದ ಎರಡು ತುದಿ ಸಿಕ್ಕರೆ ಅದೇ ಜೋಡಿ ಎಂಬುದು ಅವರ ಸಿದ್ಧಾಂತ. ಸಿದ್ಧಾಂತದಲ್ಲಿ ತಪ್ಪಿರಲಿಲ್ಲ. ಆದರೆ ಇಪ್ಪತ್ತೆಂಟು ವರ್ಷದ ದೂಳು, ಎಣ್ಣೆ, ಬೀಡಿ ಹೊಗೆ ಸೇರಿ ಮುದುಕಿಯ ಎಲ್ಲ ವೈರುಗಳೂ ಒಂದೇ ಬಣ್ಣಕ್ಕೆ ತಿರುಗಿದ್ದವು. ಮೇಷ್ಟ್ರಿಗೆ ಕೈ ಹಾಕಿದಲ್ಲೆಲ್ಲ ಜೋಡಿ ಸಿಕ್ಕಿತು.

"ಈಗ ಒತ್ತಪ್ಪಾ ಬ್ರೇಕು."

ಒತ್ತಿದ. ಹಾರ್ನ್ ಹೊಡೆದುಕೊಂಡಿತು. ಕಾಲು ತೆಗೆದರೂ ನಿಲ್ಲಲಿಲ್ಲ. ಎದುರುಗಡೆ ಮನೆಯ ಟೈಲರಮ್ಮ ಕತ್ತರಿ ಹಿಡಿದುಕೊಂಡೇ ಕಿಟಕಿಗೆ ಬಂದಳು. "ಯಾರಪ್ಪಾ ಸತ್ತಿರೋದು? ಹೆಣ ಎತ್ತೋಕೂ ಇಷ್ಟು ಗಲಾಟೆ ಮಾಡಲ್ಲ! ಒಂದು ತೋಳು ಉದ್ದ ಕತ್ತರಿಸಿಬಿಟ್ಟೆ ನಿಮ್ಮಿಂದ!"

ಬ್ಯಾಟರಿ ವೈರ್ ಕಿತ್ತ ಮೇಲೆಯೇ ಮುದುಕಿ ಬಾಯಿ ಮುಚ್ಚಿದ್ದು. ಮೇಷ್ಟ್ರು ತಾವು ಜೋಡಿಸಿದ್ದನ್ನೆಲ್ಲ ಬಿಡಿಸಿ, "ಅಡ್ಡಕಸಬಿಗಳು ಕೈ ಹಾಕಿ ಹಾಳು ಮಾಡಿದ್ದಾರೆ," ಎಂದು ಮಹಡಿ ಹತ್ತಿದರು. ಗಂಟೆ ಎರಡೂವರೆ. ಬೆಳಗಿನಿಂದ ಪೆಡಲ್ ಒತ್ತಿ ಒತ್ತಿ ಡ್ರೈವರಣ್ಣನ ಮಂಡಿ ಊದಿಕೊಂಡಿತ್ತು. ಅವನಿಗೆ ಅಳು ಬಂತು. ಬೀದಿಯವರೆಲ್ಲ ನೋಡುತ್ತಿದ್ದುದರಿಂದ ಸಿಂಬಳ ಒರೆಸಿಕೊಳ್ಳುವವನಂತೆ ಕಣ್ಣು ಒರೆಸಿಕೊಂಡ.

"ಎದೆಗುಂದಬೇಡ್ವೋ," ಎಂದ ಟೈರಣ್ಣ. ಊಟಕ್ಕೂ ಹೋಗದೆ ನಿಂತಿದ್ದ ಪುಣ್ಯಾತ್ಮ. "ನೀನು ಹಿಂದೆ ಹೋಗಿ ನೋಡು, ನಾನು ಹತ್ತಿ ಕೂತು ಒತ್ತುತ್ತೀನಿ." ಬ್ಯಾಟರಿ ವೈರ್ ಮತ್ತೆ ಸಿಕ್ಕಿಸಿ ಹತ್ತಿ ಕೂತವನು ಸ್ಟೀರಿಂಗ್ ಅತ್ತಿತ್ತ ತಿರುಗಿಸಿದ, ಗೇರ್ ಅಲ್ಲಾಡಿಸಿದ, ಬಾಗಿಲು ಎರಡು ಸಲ ತೆಗೆದು ಹಾಕಿದ. "ಕ್ಲಚ್ ಯಾಕೋ ಸ್ವಲ್ಪ ಬಿಗಿ ಅಲ್ವಾ?" ಎಂದು ಕೂಗಿದ.

"ಕ್ಲಚ್ ಬಿಡು ಮಾರಾಯ, ಬ್ರೇಕ್ ಒತ್ತು!"

ಡ್ರೈವರಣ್ಣ ಹಿಂದೆ ನೆಲಕ್ಕೆ ಕೂತು, ಸುಸ್ತಿಗೆ ಕೈಯಲ್ಲಿದ್ದ ಸ್ಪ್ಯಾನರನ್ನು ದೀಪದ ತಗಡಿಗೂ ಲಾರಿಯ ಕಬ್ಬಿಣದ ಚೌಕಟ್ಟಿಗೂ ನಡುವೆ ಊರಿ ತಲೆ ತಗ್ಗಿಸಿದ. ಮುಖದ ಮೇಲೆ ಕೆಂಪು ಬೆಳಕು ಬಿತ್ತು. ಸ್ಪ್ಯಾನರ್ ತೆಗೆದರೆ ಕತ್ತಲೆ, ಊರಿದರೆ ಬೆಳಕು. ದೀಪದವರೆಗೆ ಬಂದ ಕರೆಂಟು ವಾಪಸ್ ಹೋಗಬೇಕಾದ ಅರ್ತಿಂಗ್ ವೈರು ಕಿಲುಬು ಹಿಡಿದು ಹಸಿರು ಪುಡಿಯಾಗಿತ್ತು. ದಾರಿ ಕಾಣದ ಕರೆಂಟು ಸಿಗ್ನಲ್ಲಿನ ಬಲ್ಬಿನೊಳಗೆ ನುಗ್ಗಿ ಹಿಂದಿರುಗುತ್ತಿತ್ತು, ಅಷ್ಟೇ. ಕಿಲುಬು ಉಜ್ಜಿ, ಗೇಣುದ್ದದ ವೈರು ಹಾಕಿ, ಒಂದು ಬೋಲ್ಟು ಬಿಗಿದ. ಹತ್ತು ನಿಮಿಷದ ಕೆಲಸ.

ನಾಲ್ಕಕ್ಕೆ ತಪಾಸಣೆ ಅಧಿಕಾರಿ ಲಾರಿಯ ಸುತ್ತ ಮೂರು ಸುತ್ತು ಬಂದ. ಬ್ರೇಕ್ ಎಂದರೆ ಬ್ರೇಕ್, ಎಡ ಎಂದರೆ ಎಡ, ಬಲ ಎಂದರೆ ಬಲ. ತಪ್ಪು ಸಿಗದ ಬೇಜಾರಿನಲ್ಲೇ ಠಸ್ಸೆ ಒತ್ತಿದ. ಹತ್ತೊಂಬತ್ತು ವರ್ಷದಲ್ಲಿ ಡ್ರೈವರಣ್ಣ ಅಷ್ಟು ಖುಷಿಪಟ್ಟದ್ದಿಲ್ಲ. ಮುದುಕಿಯ ಬಾನೆಟ್ಟನ್ನು ಎಮ್ಮೆಯ ಬೆನ್ನು ಸವರುವಂತೆ ಸವರಿದ.

ಓನರನ ಆಫೀಸಿಗೆ ಹೋಗಿ ಕಾಗದವನ್ನೂ ಬೀಗದ ಕೈಯನ್ನೂ ಮೇಜಿನ ಮೇಲಿಟ್ಟ. ಎದುರು ಕುರ್ಚಿಯಲ್ಲಿ, ತಲೆ ಬಾಚಿಕೊಂಡು, ಟೈರಣ್ಣ ಕೂತಿದ್ದ. ಪಕ್ಕದಲ್ಲಿ ಅವನ ಅಳಿಯ.

"ಭೇಷ್ ಕಣಯ್ಯಾ!" ಎಂದ ಓನರ್. "ಪಾಸಾದ್ರೆ ಮಾತ್ರ ಲಾರಿ ತಗೋತೀನಿ ಅಂತ ಇವ್ರು ಪಟ್ಟು ಹಿಡಿದಿದ್ರು." ಬೀಗದ ಕೈ ಎತ್ತಿ ಅಳಿಯನ ಕೈಗೆ ಹಾಕಿದ.

ಡ್ರೈವರಣ್ಣ ಅಳಿಯನ ಕೈಯಲ್ಲಿದ್ದ ಬೀಗದ ಕೈಯನ್ನೇ ನೋಡಿದ. ಆಮೇಲೆ ಕೇಳಿದ: "ಪಾಸಾಗ್ದೆ ಹೋಗಿದ್ರೆ, ಧಣಿ?"

"ಇವ್ರು ಬೇಡ ಅಂತಿದ್ರು. ಗುಜರೀಲಿ ಏನು ಸಿಗತ್ತೆ? ಇನ್ನೊಂದಾರು ತಿಂಗಳು ಹೇಗೋ ರಿಪೇರಿ ಮಾಡಿಸ್ಕೊಂಡು ನೀನೇ ಓಡಿಸ್ತಿದ್ದೆ."

ಟೈರಣ್ಣ ನೆಲ ನೋಡಿದ. "ಬೇಜಾರು ಮಾಡ್ಕೋಬೇಡ ಡ್ರೈವರಣ್ಣ. ಮಗಳ ಸಂಸಾರ ನೋಡು. ಒಂದೆರಡು ದಿನ ಇವನ ಪಕ್ಕ ಕೂತು ಗಾಡಿ ಪರಿಚಯ ಮಾಡ್ಕೊಟ್ಬಿಡು, ಆಯ್ತಾ? ಕ್ಲಚ್ ಬಿಗಿ ಇದೆ."

ಡ್ರೈವರಣ್ಣ ಬೈಯಲು ಬಾಯಿ ತೆರೆದ. ಅಳಿಯನ ಮುಖ ನೋಡಿದ. ಪಾಪ, ಅದೂ ಕೆಲಸವಿಲ್ಲದ ಮುಖವೇ. "ಹೂಂ," ಎಂದು ಹೊರಗೆ ಬಂದ.

ಮೆಟ್ಟಿಲ ಮೇಲೆ ಫೋನ್ ಬಂತು.

"ಏನಾಯ್ತು ರೀ? ಪಾಸಾಯ್ತಾ?"

"ಪಾಸಾಯ್ತು."

"ಅಬ್ಬ! ಬದುಕಿದ್ವಿ ಕಣ್ರೀ! ಬೆಳಿಗ್ಗೆಯಿಂದ ಒಂದು ತುತ್ತು ಇಳಿದಿಲ್ಲ ನನಗೆ. ಬೇಗ ಬನ್ನಿ, ಗಾಡೀಲೇ ಬಂದುಬಿಡಿ."

ಅಂಗಳದಲ್ಲಿ ಅಳಿಯ ಮುದುಕಿಯನ್ನು ಸ್ಟಾರ್ಟ್ ಮಾಡಿದ. ಒಂದೇ ಸಲಕ್ಕೆ ಶುರುವಾದಳು.

"ನಡ್ಕೊಂಡು ಬರ್ತೀನಿ," ಎಂದ ಡ್ರೈವರಣ್ಣ. "ಸ್ವಲ್ಪ ತಡ ಆಗತ್ತೆ. ನೀನು ಊಟ ಮಾಡು."