ಸುದ್ದಿಯ ಪ್ರಕಾರ ಗಾಣದ ಬೀದಿ

ಗಾಣದ ಬೀದಿ ಎಲ್ಲಿ ಮುಗಿಯುತ್ತದೆ, ಶಾಂಭವಿ ಬಡಾವಣೆ ಎಲ್ಲಿಂದ ಶುರುವಾಗುತ್ತದೆ ಎಂಬ ಬಗ್ಗೆ ನಮ್ಮೂರಿನಲ್ಲಿ ಯಾವ ಗೊಂದಲವೂ ಇಲ್ಲ. ಕಳ್ಳತನ, ಹೊಡೆದಾಟ, ನಾಯಿ ಕಡಿತ ನಡೆದ ಜಾಗ ಗಾಣದ ಬೀದಿ. ಸನ್ಮಾನ, ಉದ್ಘಾಟನೆ, ರಕ್ತದಾನ ನಡೆದ ಜಾಗ ಶಾಂಭವಿ ಬಡಾವಣೆ.

ಮೊದಲು ಅದೆಲ್ಲ ಗಾಣದ ಬೀದಿಯೇ ಆಗಿತ್ತು. ತೊಂಬತ್ತರ ದಶಕದ ಕೊನೆಗೆ ತಂಬಾಕಿಗೆ ಒಳ್ಳೆಯ ಬೆಲೆ ಬಂತು. ಕಾಸು ಕಂಡವರು ಹಳೆಯ ಹೆಂಚಿನ ಮನೆಗಳನ್ನು ಕೊಂಡು ಕೆಡವಿ, ಗ್ರಾನೈಟ್ ಹಾಸಿ, ಗೇಟಿಗೆ ಸಿಂಹದ ಮುಖ ಕೂರಿಸಿದರು. ಸಿಂಹವಿರುವ ಮನೆ ಗಾಣದ ಬೀದಿಯಲ್ಲಿರುವುದು ಶೋಭೆಯಲ್ಲವೆಂದು ಹೊಸ ಹೆಸರಿಟ್ಟರು. ಗಡಿ ಯಾವುದೆಂಬ ತಕರಾರಿಗೆ ಗಡಿ ನಿರ್ಣಯ ಸಮಿತಿ ರಚನೆಯಾಯಿತು. ಸರ್ವೆ ಕಲ್ಲುಗಳನ್ನು ಜನ ಬಟ್ಟೆ ಒಗೆಯಲು ಕಿತ್ತುಕೊಂಡು ಹೋಗಿದ್ದರಿಂದ ಸಮಿತಿಯು ಊರಿನ ವಾರಪತ್ರಿಕೆ ‘ಗಡಿವಾಣಿ’ಯನ್ನೇ ದಾಖಲೆಯಾಗಿ ಅಂಗೀಕರಿಸಿತು. ಯಾವುದೇ ಮನೆಯ ಬಗ್ಗೆ ಕೊನೆಯದಾಗಿ ಅಚ್ಚಾದ ಸುದ್ದಿಯಲ್ಲಿರುವ ವಿಳಾಸವೇ ಆ ಮನೆಯ ವಿಳಾಸ. ಬಡಾವಣೆಗೆ ದಿನಾ ನೀರು, ಬೀದಿಗೆ ವಾರಕ್ಕೊಮ್ಮೆ.

ಸಂಪಾದಕ ವಸಂತ್ ಸುಳ್ಳು ಬರೆಯುವವನಲ್ಲ. ಬಡಾವಣೆಯಲ್ಲಿ ಕಳ್ಳತನವಾಯಿತೆಂದರೆ ಓದುಗರು ನಂಬುವುದಿಲ್ಲ ಎಂಬುದಷ್ಟೇ ಅವನ ಕಷ್ಟ.

ನಮ್ಮ ಪಕ್ಕದ ಮನೆಯ ಮಂಗಳಮ್ಮ ಕಂಪಲಾಪುರದ ಸಂತೆಯಿಂದ ಹೊಡೆದುಕೊಂಡು ಬಂದ ಒಂದೇ ಎಮ್ಮೆಯಲ್ಲಿ ಬದುಕುತ್ತಿದ್ದಳು. ಇಡೀ ಬಡಾವಣೆಯ ಕಾಫಿಗೆ ಅವಳದೇ ಹಾಲು. ಬೇಸಿಗೆಯಲ್ಲಿ ಎಮ್ಮೆಗೆ ನೀರು ಸಾಲದೆ ಅವಳು ಸಮಿತಿಯ ಗುಮಾಸ್ತ ಶಿವನಂಜಪ್ಪನ ಮುಂದೆ ಹೋಗಿ ನಿಂತಳು.

“ಗೋಡೆ ಆಚೆಗೆ ದಿನಾ ನೀರ್ ಬತ್ತದೆ ಸ್ವಾಮಿ. ನಂಗ್ಯಾಕಿಲ್ಲ?”

“ನಿಮ್ಮನೆ ಬಗ್ಗೆ ಒಳ್ಳೆ ಸುದ್ದಿ ಏನಾದ್ರೂ ಬಂದಿದೆಯಾ ತಾಯಿ?”

“ನಮ್ಮೆಮ್ಮೆ ಎರಡೊತ್ತೂ ಹಾಲ್ ಕೊಡ್ತದೆ.”

“ಅದು ಸುದ್ದಿಯಲ್ಲ. ಎಮ್ಮೆ ಯಾರಿಗಾದ್ರೂ ಹಾಯ್ದಿದ್ರೆ ಸುದ್ದಿ. ಆದ್ರೆ ಅದು ಕೆಟ್ಟ ಸುದ್ದಿ,” ಎಂದು ಶಿವನಂಜಪ್ಪ ಬೇಸರದಿಂದಲೇ ಹೇಳಿದ.

ಅದೇ ತಿಂಗಳು ಬಡಾವಣೆ ಸಂಘದ ಅಧ್ಯಕ್ಷ ಚನ್ನಬಸವಣ್ಣನವರ ಬಂಗಲೆಯ ಬೀಗ ಮುರಿದು ಟಿ.ವಿ. ಹೊತ್ತೊಯ್ದರು. ಬಂಗಲೆ ಇರುವುದು ಬಡಾವಣೆಯ ನಟ್ಟನಡುವೆ. ‘ಗಾಣದ ಬೀದಿಯಲ್ಲಿ ಕಳ್ಳತನ’ ಎಂದು ಸುದ್ದಿ ಬಂತು. ಮಾರನೆಯ ದಿನ ಬಂಗಲೆಯ ನಲ್ಲಿ ಒಣಗಿತು. ಚನ್ನಬಸವಣ್ಣನವರು ಪತ್ರಿಕಾ ಕಚೇರಿಗೆ ಓಡಿದರು.

“ಕಳ್ಳತನ ಆಗೇ ಇಲ್ಲ ಕಣ್ರೀ. ಟಿ.ವಿ. ನಾನೇ ಕೊಟ್ಟಿದ್ದು.”

“ಬೀಗ ಮುರಿದಿತ್ತಲ್ಲ ಸಾರ್?”

“ಗುಪ್ತದಾನ ಕಣ್ರೀ. ನನಗೂ ಬೆಳಿಗ್ಗೆನೇ ಗೊತ್ತಾಗಿದ್ದು.”

‘ಶಾಂಭವಿ ಬಡಾವಣೆಯಲ್ಲಿ ಗುಪ್ತದಾನ’ ಎಂದು ಫೋಟೊ ಸಮೇತ ಬಂತು. ನೀರೂ ಬಂತು. ಟಿ.ವಿ. ಸಮೇತ ಸಿಕ್ಕಿಬಿದ್ದಿದ್ದ ಗಾಣದ ಬೀದಿಯ ಚಾಮಯ್ಯನನ್ನು ಇನ್ನು ಮುಂದೆ ಕಳ್ಳ ಎನ್ನಕೂಡದು, ಫಲಾನುಭವಿ ಎನ್ನತಕ್ಕದ್ದು ಎಂದು ಸಮಿತಿ ಪ್ರಕಟಣೆ ಹೊರಡಿಸಿತು. ಆಮೇಲೆ ಬಡಾವಣೆಯಲ್ಲಿ ಗುಪ್ತದಾನಗಳು ಹೆಚ್ಚಿದವು. ಇಷ್ಟು ಉದಾರಿಗಳಿರುವ ಜಾಗವೆಂದು ಸೈಟಿನ ಬೆಲೆಯೂ ಏರಿತು.

ಒಂದು ಬೆಳಗ್ಗೆ ಮಂಗಳಮ್ಮನ ಕೊಟ್ಟಿಗೆ ಖಾಲಿಯಾಗಿತ್ತು.

“ಅಯ್ಯೋ, ನನ್ನೆಮ್ಮೆ ಒಡ್ಕೊಂಡೋದ್ರಲ್ಲಪ್ಪೋ!”

ಅವಳು ಎದೆ ಬಡಿದುಕೊಂಡು ಅಳುವುದನ್ನು ಕೇಳಿ ನಾನು ಹೊರಗೆ ಓಡಿದೆ. ಅಕ್ಕಪಕ್ಕದವರೂ ಓಡಿಬಂದು ದನಿ ತಗ್ಗಿಸುವಂತೆ ಕೈಮುಗಿದರು. ಇದು ಕಳ್ಳತನವೆಂದು ಅಚ್ಚಾದರೆ ಗೋಡೆಯಾಚೆಗಿನ ಬಡಾವಣೆಯ ಮನೆಗಳೂ ಸುದ್ದಿಯಲ್ಲಿ ಸಿಕ್ಕಿಕೊಂಡು ಗಾಣದ ಬೀದಿಗೆ ಸೇರಿಬಿಡುವ ಅಪಾಯವಿತ್ತು. ಶಿವನಂಜಪ್ಪ ಸೈಕಲ್ಲಿನಲ್ಲಿ ಬಂದ.

“ಗುಪ್ತದಾನ ಅಂದುಬಿಡಿ ತಾಯಿ. ನಾಳೆಯಿಂದ ನಿಮ್ಮನೆ ಬಡಾವಣೆ. ದಿನಾ ನೀರು.”

“ನಾ ನೀರ್ ಕೇಳಿದ್ದೇ ಎಮ್ಮೆಗೆ ಕಣಪ್ಪ.”

“ನೀರು ಮಂಜೂರಾಗಲಿ. ಎಮ್ಮೆಗೆ ಬೇರೆ ಅರ್ಜಿ ಹಾಕಿ.”

ಮಂಗಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಬೀದಿಯಲ್ಲಿ ಕಳುವಾದ ಯಾವ ಸಾಮಾನೂ ಇದುವರೆಗೆ ವಾಪಸು ಬಂದದ್ದಿಲ್ಲ. “ಏನಾರ ಬರ್ಕೊಳಿ, ಬುಡಿ,” ಎಂದಳು.

ಸಮಾರಂಭ ಅವಳ ಅಂಗಳದಲ್ಲೇ ನಡೆಯಿತು. ಚನ್ನಬಸವಣ್ಣನವರು ಶಾಲು ಹೊದಿಸಿ, ಹೊಸ ನಲ್ಲಿಯನ್ನು ತಿರುಗಿಸಿ ಉದ್ಘಾಟಿಸಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ವಸಂತ್ ಫೋಟೊ ತೆಗೆದ.

ಸಂಜೆ ಚಾಮಯ್ಯ ಎರಡು ಕೊಡ ಹಿಡಿದು ಬಂದು ಬಾಗಿಲಲ್ಲಿ ನಿಂತ.

“ಒಸಿ ನೀರ್ ಕೊಡವ್ವ. ನಮ್ಮ ಕಡೀಕೆ ವಾರಕ್ಕೊಂದ್ಸಲ ಬತ್ತದೆ. ಎಮ್ಮೆ ಬೆಳಿಗ್ಗಿಂದ ಬಾಯಾರ್ಕೊಂಡದೆ.”

ಮಂಗಳಮ್ಮ ಕೊಡಗಳನ್ನು ಇಸಿದುಕೊಂಡು ಹೊಸ ನಲ್ಲಿಯಡಿ ಇಟ್ಟಳು. ಆಮೇಲೆ ಎರಡೂ ಕೊಡ ತುಂಬಿಸಿ ಕೊಟ್ಟಳು.

“ಕುಡಿಯೋವಾಗ ಕತ್ತು ಸವರ್ಲಾ. ಇಲ್ದಿದ್ರೆ ಕುಡಿಯಾಕಿಲ್ಲ ಅದು.”

‘ಶಾಂಭವಿ ಬಡಾವಣೆಯಲ್ಲಿ ಜಲದಾನ’ ಎಂದು ಆ ವಾರದ ಪತ್ರಿಕೆಯಲ್ಲಿ ಬಂತು. ಈಗ ಬಡಾವಣೆಗೆ ಹಾಲು ಹಾಕುವವನು ಚಾಮಯ್ಯ. ಹಾಲು ಮೊದಲಿನಂತೆಯೇ ಗಟ್ಟಿಯಾಗಿದೆ, ಯಾರ ದೂರೂ ಇಲ್ಲ. ಮಂಗಳಮ್ಮನೂ ಅವನ ಹತ್ತಿರ ಅರ್ಧ ಲೀಟರ್ ಕೊಳ್ಳುತ್ತಾಳೆ.