ಡ್ರೈವರ್ ಕಡೆಯ ತಗಡು

ನೋಡದೇ ಇರುವ ವಸ್ತುವಿನ ಬಗ್ಗೆ ಮಾತಾಡುವಾಗ ಬರುವ ಧೈರ್ಯ ನೋಡಿದ ವಸ್ತುವಿನ ಬಗ್ಗೆ ಮಾತಾಡುವಾಗ ಬರುವುದಿಲ್ಲ. ಮದುವೆಗೆ ಮುಂಚೆ ಸಂಸಾರದ ವಿಷಯದಲ್ಲಿ ನಾನು ಗೆಳೆಯರಿಗೆಲ್ಲ ಉಪದೇಶ ಮಾಡುತ್ತಿದ್ದೆ. ಈಗ ಯಾರಾದರೂ ಸಲಹೆ ಕೇಳಿದರೆ ಕಾಫಿ ಕೊಟ್ಟು ಕಳಿಸುತ್ತೇನೆ. ಅಮೆರಿಕದ ಹಳೆಯ ಕಾರುಗಳ ವಿಷಯದಲ್ಲಿ ಮಾತ್ರ ನನ್ನ ಧೈರ್ಯ ನಾಲ್ಕು ವರ್ಷ ಕುಂದಲಿಲ್ಲ. ಅಂಥ ಒಂದು ಕಾರನ್ನೂ ನಾನು ಕಣ್ಣಾರೆ ಕಂಡಿರಲಿಲ್ಲ.

ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ನನ್ನ ಕೆಲಸವೇ ಅದಾಗಿತ್ತು. ಮಸಲ್ ಕಾರ್ ಎಂದು ಅಲ್ಲಿಯವರು ಕರೆಯುವ, ದೊಡ್ಡ ಎಂಜಿನ್ನಿನ, ನಲವತ್ತು ವರ್ಷ ಹಳೆಯ ಕಾರುಗಳಿಗೆ ಬಿಡಿಭಾಗ ಮಾರುವ ಅಮೆರಿಕದ ಅಂಗಡಿಯೊಂದರ ಪತ್ರವ್ಯವಹಾರ ನಮ್ಮದು. ಕಾರಿನ ಮುಂಗಾಜಿನ ಮೂಲೆಯಲ್ಲಿ ಪುಟ್ಟ ತಗಡೊಂದಿರುತ್ತದೆ. ಅದರ ಮೇಲಿನ ನಂಬರನ್ನು ಮಾಲೀಕರು ಮೇಲ್ ಮಾಡುತ್ತಿದ್ದರು. ನಾನು ಚಾರ್ಟ್ ನೋಡಿ ಇಂಥ ಫ್ಯಾಕ್ಟರಿ, ಇಂಥ ವರ್ಷ, ಐದನೆಯ ಅಕ್ಷರ ಇಂಥದ್ದಾದ್ದರಿಂದ ಇಂಥ ಎಂಜಿನ್ ಎಂದು ಜಾತಕ ಬರೆದು ಕಳಿಸುತ್ತಿದ್ದೆ. ಸ್ವಂತ ಸ್ಕೂಟರ್ ಪಂಕ್ಚರ್ ಆದರೆ ಯಾವ ಚಕ್ರ ಎಂದು ಇಳಿದು ನೋಡಬೇಕಾದ ಮನುಷ್ಯ ನಾನು. ಆದರೂ ಹೂಡಿಯ ನಮ್ಮ ಬೀದಿಯಲ್ಲಿ ಕಾರು ಶಾಸ್ತ್ರಜ್ಞನೆಂದು ಹೆಸರಾಗಿತ್ತು. ಹೆಸರು ಹಬ್ಬಿಸಿದವನೂ ನಾನೇ.

ಆ ಹೆಸರು ನಮ್ಮ ಮನೆ ಓನರ್ ಮುನಿಶಾಮಪ್ಪನವರ ಕಿವಿಗೂ ಬಿತ್ತು. ಹೂಡಿ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿಯವರೇ. ಚಿಕ್ಕಂದಿನಲ್ಲಿ ವೈಟ್‌ಫೀಲ್ಡಿನ ಆಂಗ್ಲೋ ಇಂಡಿಯನ್ ದೊರೆಯೊಬ್ಬರ ಅಂಥದೇ ಕಾರಿನ ಹಿಂದೆ ಓಡಿ ಧೂಳು ಕುಡಿದು ಬಂದವರು. ಈಗ ಮಾದನಾಯಕನಹಳ್ಳಿಯ ಗೋಡೌನೊಂದರಲ್ಲಿ ಅದೇ ಥರದ್ದು ಮಾರಾಟಕ್ಕಿದೆ ಎಂದು ತಿಳಿದು ವಾರದಿಂದ ಅವರಿಗೆ ಊಟ ಸೇರುತ್ತಿರಲಿಲ್ಲ. ಭಯ ಒಂದೇ: ಫ್ಯಾಕ್ಟರಿಯಿಂದಲೇ ದೊಡ್ಡ ಎಂಜಿನ್ ಹಾಕಿಸಿಕೊಂಡು ಬಂದದ್ದೋ, ಸಾಧಾರಣ ಕಾರಿಗೆ ವೇಷ ಕಟ್ಟಿದ್ದೋ?

“ನೀವು ಊಂ ಅಂದ್ರೆ ತಗೋತೀನಿ ಸಾರ್. ಇಲ್ಲಾಂದ್ರೆ ಈ ಜನ್ಮಕ್ಕೆ ಇಷ್ಟೇ ಅಂದ್ಕೋತೀನಿ” ಎಂದರು.

ಭಾನುವಾರ ಬೆಳಿಗ್ಗೆ ಹೋದೆವು. ಗೋಡೌನ್ ಕಾಯುವ ಮಲ್ಲಪ್ಪ, ಯಾದಗಿರಿ ಕಡೆಯವರು, ಟಾರ್ಪಾಲ್ ಎಳೆದರು. ಕೆಂಪು ಕಾರು, ನಮ್ಮ ಬಾಡಿಗೆ ಮನೆಯ ಹಾಲಿಗಿಂತ ಉದ್ದ. ನಾನು ಮಗಳ ಭೂತಗನ್ನಡಿಯನ್ನು ಜೇಬಿನಿಂದ ತೆಗೆದು, ತಗಡು ಯಾವಾಗಲೂ ಡ್ರೈವರ್ ಕಡೆ ಇರುತ್ತದೆ ಎಂದು ಪಾಠ ಹೇಳುತ್ತಾ ಬಲಗಡೆಗೆ ನಡೆದು ಗಾಜಿಗೆ ಮೂಗು ಒತ್ತಿದೆ. ತಗಡಿಲ್ಲ. ಗಾಜು ಒರೆಸಿ ಮತ್ತೆ ನೋಡಿದೆ. ಇಲ್ಲವೇ ಇಲ್ಲ. ಗಂಭೀರವಾಗಿ ಹಿಂದೆ ಸರಿದು, ನಂಬರ್ ಕಿತ್ತಿದ್ದಾರೆ, ಇದು ವೇಷದ ಕಾರೇ, ಮುಟ್ಟಬೇಡಿ ಎಂದು ತೀರ್ಪು ಕೊಟ್ಟುಬಿಟ್ಟೆ. ಮುನಿಶಾಮಪ್ಪನವರು ಬಾನೆಟ್ಟಿನ ಮೇಲೊಮ್ಮೆ ಕೈ ಸವರಿ, ಬಾಗಿಲ ಕಡೆ ತಿರುಗಿದರು. ಅವರ ಮುಖ ನೋಡಿ ನನಗೆ ಸಂಕಟವಾಯಿತು. ಜೊತೆಗೆ, ಸುಳ್ಳೇಕೆ ಹೇಳಲಿ, ಮೋಸ ಹಿಡಿದ ಹೆಮ್ಮೆಯೂ ಆಯಿತು.

ಅಷ್ಟರಲ್ಲಿ ಆಚೆ ಕಡೆ ನಿಂತಿದ್ದ ಮಲ್ಲಪ್ಪ ಗಾಜಿನ ಮೇಲೆ ಬೆರಳಿಟ್ಟು ಕೇಳಿದರು: “ಸರ, ತಗಡು ಅಂದ್ರ ಇದಾ ಏನ್ರಿ? ದಿನಾ ಗಾಜು ಒರಸೂವಾಗ ನೋಡ್ತೀನ್ರಿ. ಸ್ಟೇರಿಂಗ್ ಈ ಕಡಿ ಐತಲ್ರಿ.”

ಸ್ಟೇರಿಂಗ್ ಎಡಗಡೆ ಇತ್ತು. ಅಮೆರಿಕದಲ್ಲಿ ಎಡಗಡೆ ಕೂತು ಓಡಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ ಎಂದಲ್ಲ, ಸಿನಿಮಾಗಳಲ್ಲಿ ನೋಡಿದ್ದೇನೆ. ಆದರೆ ಸಿಟಿ ಬಸ್ಸಿನಲ್ಲಿ ಬೆಳೆದ ತಲೆ. ಡ್ರೈವರ್ ಎಂದರೆ ಬಲಕ್ಕೇ ತಿರುಗುತ್ತದೆ. ತಗಡು ಹುಡುಕುವ ಭರದಲ್ಲಿ ಎದುರಿಗೆ ಸ್ಟೇರಿಂಗೇ ಇಲ್ಲದಿದ್ದುದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾಚಿಕೆಯಿಂದ ಸುತ್ತಿ ಬಂದು ಐದನೆಯ ಅಕ್ಷರ ಓದಿದೆ. ದೊಡ್ಡ ಎಂಜಿನ್ನೇ. ಮುನಿಶಾಮಪ್ಪನವರು ನನ್ನನ್ನು ಬಯ್ಯಲಿಲ್ಲ. ಮಲ್ಲಪ್ಪನವರ ಎರಡೂ ಕೈ ಹಿಡಿದುಕೊಂಡು ನಿಂತರು. ಮುಂದಿನ ವಾರವೇ ಕಾರು ನಮ್ಮ ಗೇಟಿನೊಳಗೆ ಬಂತು, ನನ್ನ ಸ್ಕೂಟರ್ ಬೀದಿಗೆ ಹೋಯಿತು.

ಆದರೆ ಗೋಡೌನಿಗೆ ಹೋಗಿ ಬಂದ ಮರುದಿನ, ಸೋಮವಾರ, ಆಫೀಸಿಗೆ ಹೋದವನೇ ಒಂದು ಅನುಮಾನದಿಂದ ಹಳೆಯ ಮೇಲ್‌ಗಳನ್ನು ತೆಗೆದೆ. ತಗಡು ಎಲ್ಲಿದೆ ಎಂದು ಕೇಳಿದವರಿಗೆಲ್ಲ, ಕಂಪನಿ ಕೊಟ್ಟ ‘ಡ್ರೈವರ್ ಕಡೆ’ ಎಂಬ ಮಾತಿನ ಮುಂದೆ ‘ಅಂದರೆ ಬಲಗಡೆ’ ಎಂದು ಸ್ವಂತ ಮುತುವರ್ಜಿಯಿಂದ ಸೇರಿಸಿದ್ದೆ. ಎಷ್ಟು ಜನ ಮುದುಕರು ಬಗ್ಗಿ ಬಗ್ಗಿ ಸೊಂಟ ಹಿಡಿಸಿಕೊಂಡರೋ! ಒಬ್ಬರು ಮಾತ್ರ ಉತ್ತರ ಬರೆದಿದ್ದರು: ನೀವು ಹೇಳಿದ ಕಡೆ ಸಿಗಲಿಲ್ಲ, ನನ್ನ ಹೆಂಡತಿ ಹುಡುಕಿಕೊಟ್ಟಳು, ಆದರೂ ನಿಮ್ಮ ಆತ್ಮವಿಶ್ವಾಸಕ್ಕೆ ಧನ್ಯವಾದ. ಆ ಉತ್ತರ ಬಂದ ವರ್ಷ ಬಡ್ತಿ ಕೇಳುವಾಗ, ಗ್ರಾಹಕರ ಮೆಚ್ಚುಗೆ ಎಂದು ನಾನು ಲಗತ್ತಿಸಿದ್ದು ಅದೇ ಪತ್ರವನ್ನು. ಬಡ್ತಿಯೂ ಸಿಕ್ಕಿತ್ತು.