ಹಾಸಿಗೆ ಕಪಾಟಿನಲ್ಲೊಬ್ಬ ಐದನೇ ತರಗತಿ ಹುಡುಗ

ಚಿಜುರು — ಅಜ್ಜಿ ಪಾತ್ರ ಮಾಡು ಅಂತ ಇನ್ನೊಂದ್ಸಲ ಅಂದ್ರೆ ಇವತ್ತಿನ ಅಡುಗೆ ನಿಮ್ದೇ, ಹೇಳಿದೀನಿ.

ಕುನಿಯೋ — ಅಂದಿದ್ದು ನಿಮ್ಮ ನಿರ್ದೇಶಕರು ಕಣೇ. ನಾನಲ್ಲ.

ಚಿಜುರು — ಅವ್ರು ಅಂದಿದ್ದನ್ನ ನಾನು ಹೇಳಿದಾಗ ನೀವು ತಲೆ ಆಡಿಸಿದ್ರಿ. ನಂಗೆ ಉರೀತಿರೋದು ಆ ತಲೆ ಮೇಲೆ.

ಕುನಿಯೋ — ಅಜ್ಜಿ ಪಾತ್ರಾನೂ ಚೆನ್ನಾಗಿದೆ ಅಂದೆ, ಅಷ್ಟೇ. ಕೂತಲ್ಲೇ ಕೂತಿರ್ತಾಳೆ, ಕಿರುಚೋದಿಲ್ಲ, ಆಗಾಗ ಮೊಣಕಾಲು ನೋವು ಅಂತಾಳೆ. ನಿಂಗೆ ಅಭ್ಯಾಸಾನೇ ಬೇಕಾಗಿಲ್ಲ.

ಈ ಕೊನೆಯ ಮಾತನ್ನು ನುಂಗಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಕುನಿಯೋಗೆ ಹೇಳಿ ಮುಗಿಸಿದ ಮೇಲೆ ಹೊಳೆಯಿತು. ಕುನಿಯೋ ಇಜಾವಾ, ಎಷ್ಟೋ ವರ್ಷ ಊರ ಬಸ್ ಓಡಿಸಿ ನಿವೃತ್ತನಾದ ಮನುಷ್ಯ. ರಸ್ತೆಯಲ್ಲಿ ಸರಿಯಾದ ಹೊತ್ತಿಗೆ ಬ್ರೇಕ್ ಹಾಕುತ್ತಿದ್ದವನಿಗೆ ಮನೆಯಲ್ಲಿ ಮಾತ್ರ ಬ್ರೇಕ್ ಹತ್ತುತ್ತಿರಲಿಲ್ಲ.

ಅವನ ಹೆಂಡತಿ ಚಿಜುರು ಕಾರ್ಟೂನುಗಳಿಗೆ ದನಿ ಕೊಡುವವಳು. ಎಲ್ಲಕ್ಕಿಂತ ಹೆಚ್ಚು ಹೆಸರು ಬಂದದ್ದು ರೊಕುತಾ ಎಂಬ ಹುಡುಗನಿಂದ. ಹುಡುಗರಿಗೆ ಹೆಂಗಸರು ದನಿ ಕೊಡುವುದು ಆ ಕಸುಬಿನಲ್ಲಿ ಹೊಸತಲ್ಲ. ನಿಜವಾದ ಹುಡುಗರ ಗಂಟಲು ಎರಡು ವರ್ಷದಲ್ಲಿ ಒಡೆದುಹೋಗುತ್ತದೆ, ಹೆಂಗಸಿನದು ಬಾಳಿಕೆ ಬರುತ್ತದೆ. ಹಿಂದೆ ಒಂದು ಕಾಲದಲ್ಲಿ ಸಂಜೆ ಆರಾಯಿತೆಂದರೆ ಬೀದಿಯಲ್ಲಿ ಒಂದು ಮಗುವೂ ಕಾಣುತ್ತಿರಲಿಲ್ಲ. ಎಲ್ಲವೂ ರೊಕುತಾನ ಕಥೆ ನೋಡಲು ಟೀವಿ ಮುಂದೆ ಕೂತಿರುತ್ತಿದ್ದವು. ಆ ಕಥೆಯಲ್ಲಿ ಶಾಲೆಯ ಅಡುಗೆಮನೆಯ ಕೆಳಗೆ ಇವಾಗೊರೋ ಎಂಬ ಬೆಟ್ಟದಂಥ ರೋಬೋಟ್ ನಿಂತಿದೆ. ಸಮುದ್ರದಿಂದ ದೈತ್ಯ ಪ್ರಾಣಿ ಎದ್ದು ಬಂದಾಗಲೆಲ್ಲ ಐದನೇ ತರಗತಿಯವರು ಅದನ್ನು ಓಡಿಸಬೇಕು. ತರಗತಿ ಗುಡಿಸುವ ಪಾಳಿ, ಊಟ ಬಡಿಸುವ ಪಾಳಿ ಇದ್ದ ಹಾಗೆಯೇ ರೋಬೋಟ್ ಪಾಳಿ. ಪ್ರಾಣಿ ಬರುವುದು ಮಾತ್ರ ಸರಿಯಾಗಿ ಊಟದ ಹೊತ್ತಿಗೆ. ರೊಕುತಾ ಚಮಚ ಕೆಳಗಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು ಎದ್ದು ನಿಂತು, “ಇವತ್ತು ನನ್ನ ಪಾಳಿ” ಅನ್ನುತ್ತಾನೆ. ಇಡೀ ತರಗತಿ, “ಹೋಗಿ ಬಾ, ಊಟ ಎತ್ತಿಟ್ಟಿರ್ತೀವಿ” ಅನ್ನುತ್ತದೆ.

ಈಗ ಅದರ ಸಿನಿಮಾ ಬರಲಿದೆ. ನಾಳೆ ಸ್ಟುಡಿಯೋದಲ್ಲಿ ದನಿ ಪರೀಕ್ಷೆ. ಗಂಟಲಲ್ಲಿ ಹುಡುಗ ಇನ್ನೂ ಉಳಿದಿದ್ದರೆ ಸರಿ. ಇಲ್ಲದಿದ್ದರೆ ರೊಕುತಾ ಯಾವಳೋ ಚಿಕ್ಕ ಹುಡುಗಿಯ ಪಾಲು, ಚಿಜುರುಗೆ ರೊಕುತಾನ ಅಜ್ಜಿ. ಕಂಪನಿಯವರು ತಾವಾಗಿ ಪ್ರಕಟಿಸುವ ತನಕ ಯಾರ ಹತ್ತಿರವೂ ಬಾಯಿ ಬಿಡಬಾರದೆಂದು ಸಹಿ ಬೇರೆ ಮಾಡಿಸಿಕೊಂಡಿದ್ದರು. ಸುದ್ದಿ ಹೊರಗೆ ಬಿದ್ದರೆ ಹುಡುಗನೂ ಇಲ್ಲ, ಅಜ್ಜಿಯೂ ಇಲ್ಲ. ಗಂಡನಿಗೂ ಹೇಳುವ ಹಾಗಿರಲಿಲ್ಲ. ಆದರೆ ಎರಡು ಕೋಣೆಯ ಮನೆಯಲ್ಲಿ ಹೆಂಡತಿ ವಾರವಿಡೀ ಹಾಸಿಗೆ ಕಪಾಟಿನ ಕೆಳಗಿನ ಅಂಕಣದಲ್ಲಿ ಕೂತು, ಜಾರುಬಾಗಿಲು ಎಳೆದುಕೊಂಡು ಕಿರುಚುತ್ತಿದ್ದರೆ ಗಂಡ ಎಷ್ಟು ದಿನ ಕೇಳದೆ ಇರುತ್ತಾನೆ? ಮಡಿಸಿಟ್ಟ ಹಾಸಿಗೆಗಳು ಸದ್ದನ್ನೆಲ್ಲ ಕುಡಿದುಬಿಡುತ್ತವೆ ಎಂಬುದು ಅವಳ ನಂಬಿಕೆ.

ನಿಜ ಹೇಳಬೇಕೆಂದರೆ ಕುನಿಯೋಗೆ ಹೆದರಿಕೆಯಾಗಿತ್ತು. ಚಳಿಗಾಲವಿಡೀ ಅವಳು ಕೆಮ್ಮಿದ್ದನ್ನು ಕೇಳಿದ್ದವನು ಅವನೇ. ಮೊಮ್ಮಕ್ಕಳ ವಯಸ್ಸಿನವರ ಎದುರು ಅವಳ ದನಿ ಒಡೆದು, ಅವರೆಲ್ಲ ವಿನಯದಿಂದ ತಲೆ ಬಗ್ಗಿಸಿ ನಿಲ್ಲುವುದು ಅವನ ಕಣ್ಣಿಗೆ ಕಟ್ಟಿತ್ತು. ಇದನ್ನು ಬಾಯಿ ಬಿಟ್ಟು ಹೇಳಲು ಬಾರದೆ ಅಜ್ಜಿಯ ಗುಣಗಾನ ಮಾಡುತ್ತಿದ್ದ.

ಚಿಜುರು — ಬಾಯಿ ಮುಚ್ಕೊಂಡು ದಿನಾ ಓದೋ ಹಾಗೆ ಮುಖ್ಯೋಪಾಧ್ಯಾಯರ ಮಾತು ಓದಿ. ರೊಕುತಾ ಹೆದರಿ ಆಟದ ಸಾಮಾನಿನ ಕೋಣೇಲಿ ಅಡಗಿ ಕೂತಿದಾನೆ. ಅವರು ಹೊರಗಡೆ ನಿಂತಿದಾರೆ.

ಅವಳು ಚಿಪ್ಸ್ ಪೊಟ್ಟಣ ಹಿಡಿದುಕೊಂಡು ಕಪಾಟಿನೊಳಗೆ ತೂರಿದಳು. ಎಣ್ಣೆ ತಿಂದರೆ ಗಂಟಲು ಸಲೀಸು ಎಂಬುದು ಆ ಕಸುಬಿನವರ ಪಾಠ. ಬಾಗಿಲು ಸರಿಯಿತು. ಒಳಗಿನಿಂದ ಹನ್ನೊಂದು ವರ್ಷದ ಹುಡುಗನೊಬ್ಬ ಬಿಕ್ಕಿದ.

ಹುಡುಗನ ದನಿ — ನಾನು ಹತ್ತಲ್ಲ. ಹೋದ್ಸಲ ಕೈ ಕಿತ್ತು ಬಂತು.

ಕುನಿಯೋ — ಕೈ ಬೆಸುಗೆ ಹಾಕಿಸಿದೀವಿ. ಹೊರಗೆ ಬಾ. ಪಾಳಿ ಅಂದ್ರೆ ಪಾಳಿ. ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ಎಚ್ಚರ.

ಬಿಕ್ಕು ನಿಂತು, ಒಳಗಿನಿಂದ ಹೆಂಗಸಿನ ದನಿ ಬಂತು.

ಚಿಜುರು — ಬಾಗಿಲು ಮುಚ್ಚುತ್ತಿದೆ ಅಂತ ಎಲ್ರೀ ಬರ್ದಿದೆ ಅಲ್ಲಿ?

ಕುನಿಯೋ — ಬಾಯಿಗೆ ಬಂದ್ಬಿಡ್ತು. ಬಸ್ಸಲ್ಲಿ ಎಷ್ಟು ವರ್ಷ ಹೇಳಿದ ಅಭ್ಯಾಸ.

ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಕುನಿಯೋ ಕಪಾಟಿನ ಬಾಗಿಲಿಗೆ ಎರಡು ಸಲ ತಟ್ಟಿ, ಉಸಿರು ಬಿಡಬೇಡ ಎಂದು ಪಿಸುಗುಟ್ಟಿ ಹೋಗಿ ಬಾಗಿಲು ತೆಗೆದ. ಹೊರಗೆ ಹೊಸೊಯಾ-ಸಾನ್, ಅಂದರೆ ಹೊಸೊಯಾ ಅವರು, ನಿಂತಿದ್ದರು. ಕಟ್ಟಡದ ನಿವಾಸಿಗಳ ಸಂಘಕ್ಕೆ ಆ ವರ್ಷ ಅವರೇ ಮುಖ್ಯಸ್ಥೆ. ಮುಖ್ಯಸ್ಥೆ ಅಲ್ಲದ ವರ್ಷಗಳಲ್ಲೂ ಅವರೇ ಎಂದು ಎಲ್ಲರೂ ನಡೆದುಕೊಳ್ಳುತ್ತಿದ್ದರು. ಕೈಯಲ್ಲಿ ಮನೆಯಿಂದ ಮನೆಗೆ ಸುತ್ತುವ ಸೂಚನೆಯ ಹಲಗೆ. ಆ ಹಲಗೆ ಕಟ್ಟಡ ಸುತ್ತಲು ವಾರ ಬೇಕು, ಹೊಸೊಯಾ-ಸಾನ್ ಕಿವಿಗೆ ಬಿದ್ದ ಸುದ್ದಿಗೆ ಮಧ್ಯಾಹ್ನ ಸಾಕು.

ಹೊಸೊಯಾ — ನಾಳೆಯಿಂದ ಕಸದ ಮೂಲೆ ಪಾಳಿ ನಿಮ್ದು, ಇಜಾವಾ-ಸಾನ್. ಬೆಳಿಗ್ಗೆ ಕಾಗೆ ಕೆದಕದ ಹಾಗೆ ಕಸದ ಚೀಲಗಳ ಮೇಲೆ ಬಲೆ ಹಾಕೋದು ಮರೀಬೇಡಿ.

ಕುನಿಯೋ — ಮರೆಯಲ್ಲ.

ಹಲಗೆ ಕೈಗೆ ಬಂತು. ಹೊಸೊಯಾ-ಸಾನ್ ಮಾತ್ರ ಹೋಗಲಿಲ್ಲ. ಹೊಸಿಲ ಬಳಿ ಬಿಟ್ಟಿದ್ದ ಜೊತೆ ಜೊತೆ ಪಾದರಕ್ಷೆಗಳನ್ನು ನೋಡುತ್ತ ನಿಂತರು.

ಹೊಸೊಯಾ — ಮಕ್ಕಳು ಶಾಲೇಲಿ ಹಾಕ್ಕೊಳ್ಳೋ ಬಿಳೀ ಶೂ.

ಕುನಿಯೋ — ಇವಳ್ದು. ಇವಳ ಪಾದ ಚಿಕ್ಕದು.

ಹೊಸೊಯಾ — ಮುಂದ್ಗಡೆ ‘ರೊಕುತಾ, ಐದನೇ ತರಗತಿ’ ಅಂತ ಬರ್ದಿದೆ.

ಶೂ ನಿಜಕ್ಕೂ ಚಿಜುರುದೇ. ಸ್ಟುಡಿಯೋದ ಮೈಕು ಹೆಜ್ಜೆ ಸದ್ದನ್ನೂ ಹಿಡಿಯುತ್ತದೆ, ಅದಕ್ಕೇ ಸದ್ದಿಲ್ಲದ ಶಾಲೆ ಶೂ. ಹೆಸರು ಬರೆದದ್ದು ಅವಳ ಹುಚ್ಚು. ಇದರಲ್ಲಿ ಒಂದು ಅಕ್ಷರವನ್ನೂ ಹೇಳುವ ಹಾಗಿರಲಿಲ್ಲ.

ಕುನಿಯೋ — ಹಳೇದು ಅದು.

ಹೊಸೊಯಾ — ಬೆಳ್ಳಗಿದೆಯಲ್ಲ.

ಕುನಿಯೋ — ಒಗೀತಾಳೆ.

ಹೊಸೊಯಾ-ಸಾನ್ ತಮ್ಮ ಪಾದರಕ್ಷೆ ಕಳಚಿ ನೀಟಾಗಿ ತಿರುಗಿಸಿಟ್ಟು, ಕರೆಯದೆಯೇ ಒಳಗೆ ಬಂದು ಚಾಪೆಯ ಮೇಲೆ ಮಂಡಿಯೂರಿ ಕೂತರು. ಕುನಿಯೋ ಬಾರ್ಲಿ ಚಹಾ ತಂದಿಟ್ಟ. ಅವರು ಮುಟ್ಟಲಿಲ್ಲ. ಪಕ್ಕದ ಮನೆಯ ಕುರಾಮೋಚಿ ಹುಡುಗಿ, ಅದೇ ಹಸುಗೂಸಿನ ತಾಯಿ, ವಾರದಿಂದ ನಿದ್ದೆ ಬಿಟ್ಟಿದ್ದಾಳೆ ಎಂದು ಶುರು ಮಾಡಿದರು. ಗೋಡೆಯಾಚೆ ಒಬ್ಬ ಹುಡುಗ ಅಳುತ್ತಾನಂತೆ. ಯಾರೋ ವಯಸ್ಸಾದ ಗಂಡಸು ಹತ್ತು, ಹತ್ತು ಎಂದು ಗದರಿಸುತ್ತಾನಂತೆ. ಕೈ ಕಿತ್ತು ಬಂತು ಎಂದು ಹುಡುಗ ಗೋಗರೆದರೆ ಆ ಗಂಡಸು ಬೆಸುಗೆ ಹಾಕಿಸಿದೀನಿ ಅನ್ನುತ್ತಾನಂತೆ. ಆ ತಾಯಿ ಮಕ್ಕಳ ರಕ್ಷಣೆ ಕಚೇರಿಗೆ ಫೋನ್ ಮಾಡಲು ಎದ್ದಿದ್ದಳು. ಮೊದಲು ನಾನು ಕಣ್ಣಾರೆ ನೋಡಿ ಬರುತ್ತೇನೆ ಎಂದು ಇವರೇ ತಡೆದಿದ್ದರು.

ಹೊಸೊಯಾ — ಇಜಾವಾ-ಸಾನ್, ನೀವು ಒಳ್ಳೇವ್ರು. ಮಳೇಲಿ ನಿಲ್ದಾಣ ದಾಟಿದ ಮೇಲೂ ನಂಗೋಸ್ಕರ ಬಸ್ ನಿಲ್ಲಿಸಿದ್ರಿ. ಅದಕ್ಕೇ ನೇರವಾಗಿ ಕೇಳ್ತೀನಿ. ಈ ಮನೇಲಿ ಹುಡುಗ ಇದಾನಾ?

ಕುನಿಯೋಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ನಿಜ ಹೇಳಲು ಅಪ್ಪಣೆಯಿಲ್ಲ. ಎರಡರ ನಡುವೆ ಇದ್ದ ಸಂದಿಯಲ್ಲಿ ಗಾಡಿ ತೂರಿಸಲು ನೋಡಿದ.

ಕುನಿಯೋ — ಹುಡುಗ ಅನ್ನೋ ಹಾಗಿಲ್ಲ. ಲೆಕ್ಕ ಹಾಕಿದ್ರೆ ಅವನಿಗೀಗ ನಲವತ್ತು ದಾಟಿದೆ.

ಹೊಸೊಯಾ — ಐದನೇ ತರಗತೀಲಿ?

ಕುನಿಯೋ — ಮುಂದಕ್ಕೆ ಹೋಗೋಕೆ ಬಿಡ್ಲಿಲ್ಲ.

ಹೊಸೊಯಾ — ಯಾರು ಬಿಡ್ಲಿಲ್ಲ?

ಕುನಿಯೋ — ಅದನ್ನ ಹೇಳೋ ಹಾಗಿಲ್ಲ.

ಹೊಸೊಯಾ — ಅವನ ಕೈ?

ಕುನಿಯೋ — ಕೈಗೇನಾಗಿಲ್ಲ. ಕಿತ್ತು ಬಂದಿದ್ದು ಇವಾಗೊ... ಅದು ಬೇರೆಯವ್ರ ಕೈ.

ಹೊಸೊಯಾ-ಸಾನ್ ಮುಖ ಸುಣ್ಣದಂತಾಯಿತು. ಅಷ್ಟರಲ್ಲಿ ಕಪಾಟಿನೊಳಗಿನಿಂದ ಕರುಂ ಎಂದು ಸದ್ದು ಬಂತು. ಬಾಯಿಗೆ ಹಾಕಿಕೊಂಡಿದ್ದ ಚಿಪ್ಸನ್ನು ಚಿಜುರು ಎಷ್ಟು ಹೊತ್ತೆಂದು ಹಾಗೇ ಇಟ್ಟುಕೊಂಡಿರಲು ಸಾಧ್ಯ?

ಹೊಸೊಯಾ — ಕಪಾಟಲ್ಲಿ ಏನದು?

ಕುನಿಯೋ — ಹಾಸಿಗೆ.

ಹೊಸೊಯಾ — ಹಾಸಿಗೆ ಅಗೀತಿದೆ.

ಕುನಿಯೋ — ಚಿಪ್ಸ್ ಅಷ್ಟೇ. ಗಂಟಲಿಗೆ ಎಣ್ಣೆ ಬೇಕಲ್ಲ.

ಹೊಸೊಯಾ — ಕತ್ತಲಲ್ಲಿ ಕೂಡಿಹಾಕಿ ಬರೀ ಚಿಪ್ಸ್ ಕೊಡ್ತೀರಾ?

ಕುನಿಯೋ — ಆಗಾಗ ನೀರೂ ಕೊಡ್ತೀನಿ.

ಸಮಾಧಾನ ಹೇಳುವುದಕ್ಕೆಂದು ಆಡಿದ ಮಾತು ಅದು. ಹೊಸೊಯಾ-ಸಾನ್ ಫೋನ್ ತೆಗೆದರು. ಆಗ ಕಪಾಟಿನ ಬಾಗಿಲು ಸರಿಯಿತು. ಕೆಳಗಿನ ಅಂಕಣದಿಂದ ಚಿಜುರು ಕೈಕಾಲೂರಿಕೊಂಡು ಹೊರಬಂದಳು. ತಲೆ ಕೆದರಿತ್ತು, ಕೂದಲಲ್ಲಿ ಹತ್ತಿಯ ಎಳೆ, ಗಲ್ಲದ ಮೇಲೆ ಉಪ್ಪು.

ಹೊಸೊಯಾ — ಅಯ್ಯೋ, ಚಿಜುರು-ಸಾನ್. ನಿಮ್ಮನ್ನೂ ಒಳಗೆ ಹಾಕಿದ್ರಾ?

ಚಿಜುರು — ನಾನೇ ಹೋಗಿ ಕೂತಿದ್ದು.

ಹೊಸೊಯಾ — ಎಲ್ಲರೂ ಮೊದ್ಲು ಹಾಗೇ ಹೇಳೋದು. ಹೆದರ್ಬೇಡಿ, ನಾನಿದೀನಿ. ಹುಡುಗ ಎಲ್ಲಿ?

ಚಿಜುರು — ಹುಡುಗ ನಾನೇ.

ಪಾಪ, ತಲೆಯೂ ಕೆಟ್ಟಿದೆ ಎಂಬಂತೆ ಹೊಸೊಯಾ-ಸಾನ್ ಅವಳ ಬೆನ್ನು ಸವರಿ, ಬಗ್ಗಿ ಕಪಾಟಿನೊಳಗೆ ಹಣಕಿ ನೋಡಿದರು, ಹಾಸಿಗೆಗಳ ನಡುವೆ ಕೈ ಹಾಕಿ ತಡಕಿದರು. ಹುಡುಗ ಸಿಗದೆ ಮಕ್ಕಳ ರಕ್ಷಣೆ ಕಚೇರಿಗೆ ಫೋನ್ ಹಚ್ಚಿ ಕಿವಿಗಿಟ್ಟರು. ಚಿಜುರು ಗಂಡನ ಕಡೆ ನೋಡಿದಳು. ಹೇಳಿದರೆ ಪಾತ್ರ ಹೋಗುತ್ತದೆ, ಹೇಳದಿದ್ದರೆ ಗಂಡ ಹೋಗುತ್ತಾನೆ. ಅವಳು ಎಷ್ಟು ಹೊತ್ತು ಯೋಚಿಸಿದಳೆಂದರೆ ಕುನಿಯೋಗೆ ಸ್ವಲ್ಪ ಬೇಜಾರೇ ಆಯಿತು. ಕೊನೆಗೆ ಎದ್ದು ನಿಂತು, ಭುಜ ಇಳಿಬಿಟ್ಟು, ಇಲ್ಲದ ಚಮಚವೊಂದನ್ನು ಕೆಳಗಿಟ್ಟಳು.

ಹುಡುಗನ ದನಿ — ಇವತ್ತು ನನ್ನ ಪಾಳಿ.

ಹೊಸೊಯಾ-ಸಾನ್ ಬಾಯಿ ಅವರ ಅಪ್ಪಣೆ ಕೇಳಲಿಲ್ಲ.

ಹೊಸೊಯಾ — ಹೋಗಿ ಬಾ, ಊಟ ಎತ್ತಿಟ್ಟಿರ್ತೀವಿ.

ಫೋನಿನಲ್ಲಿ ಯಾರೋ ಹಲೋ, ಹಲೋ ಎನ್ನುತ್ತಿದ್ದರು. ಅವರು ಅದನ್ನು ಆರಿಸಿ ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ತಣ್ಣಗಾಗಿದ್ದ ಚಹಾವನ್ನು ಒಂದೇ ಸಲಕ್ಕೆ ಕುಡಿದರು. ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ.

ಹೊಸೊಯಾ — ನನ್ ಮಗ ಶಾಲೆಗೆ ಹೋಗಲ್ಲ ಅಂತ ಕೂತಿದ್ದ. ಎರಡು ವರ್ಷ. ಆಮೇಲೆ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಇದನ್ನ ಹೇಳೋನು, ನಾನು ತಿರುಗಿ ಹೇಳ್ಬೇಕಿತ್ತು. ಹೇಳದಿದ್ರೆ ಶೂ ಹಾಕ್ತಿರ್ಲಿಲ್ಲ. ಈಗ ಹೊಟ್ಟೆ ಬಂದಿದೆ, ತಲೆ ಬೋಳಾಗ್ತಿದೆ. ಆದ್ರೂ ಮದುವೆ ದಿನ ಹೊರಡೋ ಮುಂಚೆ ಬಾಗಿಲಲ್ಲಿ ನಿಂತು ನನ್ ಮುಖ ನೋಡಿದ. ಇವತ್ತು ನನ್ನ ಪಾಳಿ ಅಂದ.

ಚಿಜುರು ಅವರ ಲೋಟಕ್ಕೆ ಮತ್ತೆ ಚಹಾ ಸುರಿದಳು. ಕುನಿಯೋ ಗಂಟಲು ಸರಿಮಾಡಿಕೊಂಡು, ಇದು ಹೊರಗೆ ಹೋದರೆ ಇವಳ ಕೆಲಸ ಹೋಗುತ್ತದೆ ಎಂದ.

ಹೊಸೊಯಾ — ಏನು ಹೊರಗೆ ಹೋಗೋದು? ನಾನು ಹಲಗೆ ಕೊಡೋಕೆ ಬಂದೆ, ಚಹಾ ಕುಡಿದೆ. ನಂಗೇನ್ ಗೊತ್ತು? ಆದ್ರೆ ಕುರಾಮೋಚಿಗೆ ಏನಾದ್ರೂ ಹೇಳ್ಬೇಕಲ್ಲ. ಅವಳು ಕಿವಿಯಾರೆ ಕೇಳಿದಾಳೆ. ಹತ್ತು, ಹನ್ನೊಂದು ವರ್ಷದ ಹುಡುಗ, ಪ್ರಮಾಣ ಮಾಡ್ತೀನಿ ಅಂದ್ಳು.

ಕುನಿಯೋ — ಏನಂದ್ಳು?

ಹೊಸೊಯಾ — ಹನ್ನೊಂದು ವರ್ಷದ ಹುಡುಗ ಅಂತ.

ಕುನಿಯೋ — ಹೆಂಗಸಿನ ದನಿ ಅನ್ಲಿಲ್ವಾ? ವಯಸ್ಸಾದವ್ರ ದನಿ, ಕೆಮ್ಮು, ಏನೂ?

ಹೊಸೊಯಾ — ವಯಸ್ಸಾದ್ದು ನಿಮ್ದು ಮಾತ್ರ ಅಂದ್ಳು.

ವಾರದಿಂದ ಎದೆಯ ಮೇಲೆ ಕೂತಿದ್ದುದೇನೋ ಎದ್ದು ಹೋದಂತಾಯಿತು ಕುನಿಯೋಗೆ. ಸ್ಟುಡಿಯೋದವರಿಗೆ ಅವಳ ವಯಸ್ಸು ಗೊತ್ತು, ಅವರ ಕಿವಿಯಲ್ಲಿ ಅನುಮಾನ ಮೊದಲೇ ಕೂತಿರುತ್ತದೆ. ಹಸುಗೂಸಿನ ತಾಯಿಗೆ ಏನೂ ಗೊತ್ತಿಲ್ಲ. ಏನೂ ಗೊತ್ತಿಲ್ಲದವಳು ಆ ಹುಡುಗನನ್ನು ಕಾಪಾಡಲು ಸರ್ಕಾರವನ್ನೇ ಕರೆಯಹೊರಟಿದ್ದಳು.

ಕುನಿಯೋ — ನಾಳೆ ಹೋಗು ಕಣೇ. ಹೋಗಿ ಅಳು. ಅಜ್ಜಿ ಪಾತ್ರಕ್ಕೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಲಿ ಅವ್ರು.

ಚಿಜುರು — ವಾರದಿಂದ ನಾನು ಹೇಳ್ತಿದ್ದಿದ್ದೂ ಅದೇ. ಪಕ್ಕದ ಮನೆಯವ್ರು ಹೇಳಿದ್ರೇ ಕೇಳ್ಸೋದು ನಿಮ್ಗೆ.

ಹೊಸೊಯಾ-ಸಾನ್ ಎದ್ದು ಹೊಸಿಲ ಬಳಿ ಪಾದರಕ್ಷೆ ಮೆಟ್ಟಿಕೊಂಡರು. ಬಿಳೀ ಶೂಗಳನ್ನು ಬಗ್ಗಿ ಸರಿಯಾಗಿ ಜೋಡಿಸಿಟ್ಟರು. ಕುರಾಮೋಚಿಗೆ ಹೇಳುವ ಮಾತೂ ಅಷ್ಟರಲ್ಲಿ ಅವರ ತಲೆಯಲ್ಲಿ ಜೋಡಣೆಯಾಗಿತ್ತು.

ಹೊಸೊಯಾ — ಅಳ್ತಿದ್ದಿದ್ದು ಇಜಾವಾ-ಸಾನ್ ಅಂತೀನಿ. ಬಸ್ ಬಿಟ್ಟ ಮೇಲೆ ಮನಸ್ಸಿಗೆ ಹಚ್ಕೊಂಡಿದಾರೆ, ಕಪಾಟಲ್ಲಿ ಕೂತು ಹತ್ತಲ್ಲ, ಹತ್ತಲ್ಲ ಅಂತಾರೆ, ತಮ್ಮನ್ನ ತಾವೇ ಗದರಿಸ್ಕೋತಾರೆ ಅಂತ.

ಕುನಿಯೋ — ನಾನಾ? ಅದು ಹುಡುಗನ ದನಿ ಅಂತ ಅವಳೇ ಹೇಳಿದಾಳಲ್ಲ.

ಹೊಸೊಯಾ — ಅಳೋವಾಗ ಗಂಡಸರ ದನಿ ಎಲ್ಲಾ ಹಾಗೇ. ಮದುವೆ ಆದವಳು ತಾನೇ, ನಂಬ್ತಾಳೆ.

ಬಾಗಿಲು ಮುಚ್ಚಿತು. ಅವರ ಹೆಜ್ಜೆ ಮೆಟ್ಟಿಲಿಳಿಯುವುದಿರಲಿ, ಪಕ್ಕದ ಮನೆಯ ಗಂಟೆ ಆಗಲೇ ಹೊಡೆದುಕೊಳ್ಳುತ್ತಿತ್ತು. ಗೋಡೆಯಾಚೆಯಿಂದ ಮೊದಲು ಪಿಸುಮಾತು, ಆಮೇಲೆ ಅಯ್ಯೋ ಪಾಪ ಎಂಬ ಉದ್ಗಾರ ಕೇಳಿಸಿತು. ಕುನಿಯೋ ಸೂಚನೆಯ ಹಲಗೆಯನ್ನು ಹಿಡಿದುಕೊಂಡು ಕೋಣೆಯ ನಡುವೆ ನಿಂತ.

ಕುನಿಯೋ — ನಾಳೆ ಬೆಳಿಗ್ಗೆ ಕಸದ ಮೂಲೇಲಿ ಇಡೀ ಕಟ್ಟಡ ಸೇರುತ್ತೆ. ಯಾವ ಮುಖ ಇಟ್ಕೊಂಡು ಹೋಗ್ಲಿ ನಾನು? ಸ್ಟುಡಿಯೋಗೆ ಹೋಗೋ ದಾರೀಲಿ ಆ ಬಲೆ ನೀನೇ ಹಾಕ್ಬಿಡು.

ಚಿಜುರು ಚಿಪ್ಸ್ ಪೊಟ್ಟಣ ಎತ್ತಿಕೊಂಡು ಮತ್ತೆ ಕಪಾಟಿನೊಳಗೆ ತೂರಿ ಬಾಗಿಲು ಎಳೆದುಕೊಂಡಾಗಿತ್ತು. ಸ್ವಲ್ಪ ಹೊತ್ತು ಕರುಂ ಕುರುಂ ಸದ್ದು. ಆಮೇಲೆ ಹಾಸಿಗೆಗಳ ನಡುವಿನಿಂದ ಹನ್ನೊಂದು ವರ್ಷದ ಹುಡುಗ ತುಂಬ ಮರುಕದಿಂದ ಮಾತಾಡಿದ.

ಹುಡುಗನ ದನಿ — ಪಾಳಿ ನಿಮ್ದು, ತಾತ. ಹೋಗಿ ಬನ್ನಿ, ಊಟ ಎತ್ತಿಟ್ಟಿರ್ತೀವಿ.